ಬಡ್ಡಿರಹಿತ ಸಾಲಕ್ಕೆ ಪುಣ್ಯವೊಂದೇ ಸಾಲದು

ಮಾನ್ಯ ಸಂಪಾದಕರೇ,

ಮೈಸೂರಿನ ಮಂಡಿ ಮೊಹಲ್ಲಾ, ಉದಯಗಿರಿಯಂಥ ಕಡೆ ತಳ್ಳುಗಾಡಿಯವರು ಎತ್ತುವ ನೂರು ದಿನದ ಸಾಲದ ಲೆಕ್ಕ ನೋಡಿ: ಕೈಗೆ ಬರುವುದು 8,500 ರೂಪಾಯಿ, ದಿನಕ್ಕೆ 100ರಂತೆ ಕಟ್ಟುವುದು 10,000. ಅಸಲು ದಿನದಿನವೂ ಕರಗುವುದರಿಂದ ಬಡ್ಡಿ ವರ್ಷಕ್ಕೆ ಶೇ 120 ದಾಟುತ್ತದೆ. ಇದಕ್ಕೆ ಮದ್ದಾಗಿ ‘ಕರ್ಜೆ ಹಸನ’, ಅಂದರೆ ಬಡ್ಡಿರಹಿತ ಸಾಲದ ನಿಧಿ ಕಟ್ಟುವ ಮಾತು ರಂಜಾನ್ ಬಂದಾಗಲೆಲ್ಲ ಏಳುತ್ತದೆ. ಒಳ್ಳೆಯದೇ. ಆದರೆ ಇಂಥ ನಿಧಿಗಳು ಎಡವುವುದು ಲೆಕ್ಕದಲ್ಲಿ.

ಝಕಾತ್, ಅಂದರೆ ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನದ ಹಣವನ್ನೇ ಸಾಲವಾಗಿ ಕೊಡಬಾರದು. ಶೇ 2.5ರ ಆ ಹಣ ಪಡೆದವನ ಸ್ವಂತವಾಗಬೇಕು, ವಾಪಸು ಕೇಳುವಂತಿಲ್ಲ ಎನ್ನುತ್ತದೆ ಇಸ್ಲಾಮಿನ ಹನಫಿ ನ್ಯಾಯಪದ್ಧತಿ. ಸಾಲಕ್ಕೆ ಸದಸ್ಯರ ಪಿಗ್ಮಿ ಠೇವಣಿ ಇರಲಿ. ಝಕಾತಿನ ಎಂಟು ಬಾಬ್ತುಗಳಲ್ಲಿ ಸಾಲದಲ್ಲಿ ಸಿಕ್ಕಿಬಿದ್ದವರೂ ಸೇರಿದ್ದಾರೆ. ಅಂಗಡಿ ಸುಟ್ಟುಹೋದವನಿಗೆ, ಕಾಲು ಮುರಿದು ಮಲಗಿದವನಿಗೆ ಅದನ್ನು ಕೊಟ್ಟರೆ ಅವನೇ ನಿಧಿ ನಡೆಸುವ ಸಂಘದ ಬಾಕಿ ತೀರಿಸಿಯಾನು; ಠೇವಣಿದಾರರ ದುಡ್ಡೂ ಉಳಿದೀತು.

ಸೇವಾ ಶುಲ್ಕದ್ದು ಇನ್ನೊಂದು ತಂಟೆ. 10,000ಕ್ಕೂ 50,000ಕ್ಕೂ ಗುಮಾಸ್ತ ತುಂಬುವುದು ಒಂದೇ ಅರ್ಜಿ. ಸಾಲದ ಮೇಲೆ ಇಂತಿಷ್ಟು ಶೇಕಡಾ ಎಂದರೆ ಅದು ಬಡ್ಡಿಯೇ, ಹೆಸರು ಬೇರೆ. ಬಾಡಿಗೆ, ಸಂಬಳ, ಪಿಗ್ಮಿ ಏಜೆಂಟರ ಕಮಿಷನ್ ಕೂಡಿಸಿ ಸಾಲಗಳ ಸಂಖ್ಯೆಯಿಂದ ಭಾಗಿಸಿ: ವರ್ಷದ ಖರ್ಚು 3 ಲಕ್ಷ, ಸಾಲ 600 ಆದರೆ ತಲಾ 500.

ಹೊಲಿಗೆ ಯಂತ್ರಕ್ಕೆ ‘ಮುರಾಬಹಾ’ (ವಸ್ತು ಕೊಂಡು, ಲಾಭ ಎಷ್ಟೆಂದು ತಿಳಿಸಿ ಮಾರುವ ಪದ್ಧತಿ) ಮಾಡುವುದಾದರೆ ಸಂಘವೇ ಕೊಳ್ಳಬೇಕು, ಬಿಲ್ಲು ಸಂಘದ ಹೆಸರಿಗಿರಬೇಕು, ಆಮೇಲೆ ಮಾರಬೇಕು. 12,000ಕ್ಕೆ ತಂದು 13,000ಕ್ಕೆ ಮಾರಿದ್ದು ಕಂತು ತಡವಾದರೂ 13,000ವೇ. ಕೈಗೆ ನಗದು ಕೊಟ್ಟು ಕಾಗದದಲ್ಲಿ ಮುರಾಬಹಾ ಎಂದು ಬರೆದರೆ ವ್ಯಾಪಾರ ನಡೆದಂತಾಗದು.

ಪಿಗ್ಮಿ ದುಡ್ಡನ್ನು ಜನ ಬೇಕೆಂದಾಗ ಕೇಳುತ್ತಾರೆ. ಸಾಲಕ್ಕೆ ಹೋದದ್ದು ನೂರು ದಿನ ಹೊರಗಿರುತ್ತದೆ. ಶಾಲೆ ಶುರುವಾಗುವ ಜೂನ್‌ನಲ್ಲಿ, ಹಬ್ಬದ ಹಿಂದಿನ ವಾರದಲ್ಲಿ ಎಲ್ಲರೂ ಒಟ್ಟಿಗೇ ಬಾಗಿಲಿಗೆ ಬರುತ್ತಾರೆ. ಮೂರರಲ್ಲೊಂದು ಪಾಲನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟರೆ ಆ ವಾರ ದಾಟಬಹುದು.

1959ರ ಸಹಕಾರ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ನೋಂದಣಿ ಆಗಲಿ, ಠೇವಣಿ ಸದಸ್ಯರಿಂದ ಮಾತ್ರ ಇರಲಿ. ತಿಂಗಳಿಗೆ ಇಷ್ಟು ‘ಹಲಾಲ್ ಲಾಭ’ ಖಚಿತ ಎಂದು ಆಸೆ ತೋರಿಸಿದವರಿಂದ ಬೆಂಗಳೂರಿನಲ್ಲಿ 2019ರಲ್ಲಿ ಸಾವಿರಾರು ಜನ ಕಳೆದುಕೊಂಡದ್ದು ಇನ್ನೂ ಹಸಿಯಾಗಿಯೇ ಇದೆ.

ಕುರ್‌ಆನಿನ ಅತಿ ಉದ್ದದ ಆಯತ್ (ವಚನ), ಅಲ್ ಬಖರಾ ಅಧ್ಯಾಯದ 282ನೆಯದು, ಸಾಲವನ್ನು ಸಾಕ್ಷಿ ಸಮೇತ ಬರೆದಿಡಿ ಎನ್ನುತ್ತದೆ. ಆದರೂ ‘ನಮ್ಮವರೇ ಬಿಡಿ’ ಎಂದು ಸಾಕ್ಷಿ ಸಹಿಯ ಜಾಗ ಖಾಲಿ ಬಿಡುತ್ತಾರೆ, ಏಜೆಂಟ್ 200 ಪಡೆದು ‘ಸಂಜೆ ಬರೀತೀನಿ’ ಎಂದು ಸ್ಕೂಟರ್ ಏರುತ್ತಾನೆ. ದುಡ್ಡು ಕೈ ಬದಲಾದ ಕ್ಷಣದಲ್ಲೇ ಪಾಸ್‌ಬುಕ್ಕಿನಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ.

— ಓದುಗ, ಉದಯಗಿರಿ, ಮೈಸೂರು