ಊಟಿಯಿಂದ ಮೈಸೂರಿಗೆ ತಂದ ನಮ್ಮ ಕುದುರೆ ಕಾಯಿಲೆ ಬಿದ್ದ ಬಗ್ಗೆ ದೂರು

ಮೈಸೂರು
2 ಜೂನ್ 2025

ಗೆ,
ವ್ಯವಸ್ಥಾಪಕರು,
ಪ್ರಾಣಿ ಸಾಗಣೆ ವಿಭಾಗ

ಮಾನ್ಯರೇ,

ಮೇ 21ರ ಬೆಳಿಗ್ಗೆ ನಿಮ್ಮ ಲಾರಿಯಿಂದ ಇಳಿದ ನಮ್ಮ ಹೆಣ್ಣು ಕುದುರೆ ಗೌರಿ ಹನ್ನೆರಡು ದಿನ ಕಳೆದರೂ ಲಾಯ ಬಿಟ್ಟು ಹೊರಗೆ ಬಂದಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿದೆ. ಫೋನಿನಲ್ಲಿ ನಿಮ್ಮ ಕಚೇರಿಯವರು ನನಗೆ ಹೇಳಿದ ಮಾತು ಇದು: ‘ಕುದುರೆಯ ಮೈಮೇಲೆ ಒಂದು ಗೀರೂ ಇಲ್ಲವಲ್ಲ, ಮೇಡಂ. ಹಾಗಿರುವಾಗ ನಮ್ಮ ತಪ್ಪು ಏನು?’ ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರ.

ಬೇಸಿಗೆಯಲ್ಲಿ ಎರಡು ತಿಂಗಳು ಗೌರಿ ಊಟಿಯಲ್ಲಿ ನನ್ನ ಅಣ್ಣನ ಲಾಯದಲ್ಲಿದ್ದಳು. ಮಗಳ ಶಾಲೆ ತೆರೆಯುವ ಮುನ್ನ ಅವಳನ್ನು ಕರೆತರಬೇಕಿತ್ತು. ಬೆಳಿಗ್ಗೆ ಹತ್ತಕ್ಕೆ ಹತ್ತಿಸಿ ಮಧ್ಯಾಹ್ನ ಮೂರರೊಳಗೆ ಇಳಿಸುತ್ತೇವೆ, ಕುದುರೆ ನೋಡಿಕೊಳ್ಳಲು ಅನುಭವಿಯೊಬ್ಬ ಜೊತೆಗೆ ಬರುತ್ತಾನೆ, ಗಾಡಿಯಲ್ಲಿ ಬೇರೆ ಕುದುರೆ ಇರುವುದಿಲ್ಲ ಎಂದು ನೀವು ಒಪ್ಪಿಕೊಂಡಿದ್ದಿರಿ. ಈ ಮೂರು ಮಾತುಗಳನ್ನು ನಂಬಿಯೇ ಮನೆಯವರು ಯಾರೂ ಲಾರಿಯಲ್ಲಿ ಬರಲಿಲ್ಲ. ಅದಕ್ಕಾಗಿ ಇಂದಿಗೂ ನನ್ನ ಮನಸ್ಸು ಚುಚ್ಚುತ್ತಿದೆ.

ಮೇ 20ರಂದು ಗೌರಿಯನ್ನು ಸರಿಯಾಗಿ ಹತ್ತು ಗಂಟೆಗೆ ಹತ್ತಿಸಿದರು. ಆದರೆ ಲಾರಿ ಊಟಿ ಬಿಟ್ಟದ್ದು ಸಂಜೆ ಏಳಕ್ಕೆ. ಇನ್ನೊಬ್ಬ ಗ್ರಾಹಕರ ಕುದುರೆಯನ್ನು ತುಂಬಿಕೊಳ್ಳಲು, ಅದರ ಕಾಗದಪತ್ರಕ್ಕಾಗಿ ಕಾಯಲು ಇಡೀ ಹಗಲು ಕಳೆಯಿತು. ಅಷ್ಟಾದರೂ ಆ ಕುದುರೆಗೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಸಿಗದೇ ಹೊರಟಿದ್ದೀರಿ. ಮುದುಮಲೈ, ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ ಎನ್ನುವುದು ಈ ದಾರಿಯಲ್ಲಿ ಓಡಾಡುವ ಸಣ್ಣ ತರಕಾರಿ ಗಾಡಿಯವರಿಗೂ ಗೊತ್ತು. ನಿಮ್ಮ ಲಾರಿ ಗೂಡಲೂರು ದಾಟಿ ತಪಾಸಣಾ ಠಾಣೆ ಮುಟ್ಟುವ ಹೊತ್ತಿಗೆ ಒಂಬತ್ತೂಕಾಲು. ಬೆಳಗಾಗುವವರೆಗೂ ಅಲ್ಲೇ ನಿಂತಿತು. ಮೈಸೂರಿನಲ್ಲಿ ಗೌರಿ ನೆಲಕ್ಕೆ ಕಾಲಿಟ್ಟದ್ದು ಒಂಬತ್ತೂವರೆಗೆ. ಅಂದರೆ ಇಪ್ಪತ್ಮೂರೂವರೆ ಗಂಟೆ ಅವಳು ನಿಂತೇ ಇದ್ದಳು.

ನಿಂತದ್ದಕ್ಕಿಂತ ಕೆಟ್ಟದ್ದು ಕಟ್ಟಿದ ಬಗೆ. ಹಗ್ಗವನ್ನು ಮೇಲಿನ ಕಂಬಿಗೆ ಎಷ್ಟು ಗಿಡ್ಡವಾಗಿ ಬಿಗಿದಿದ್ದರೆಂದರೆ ಅವಳ ಮೂತಿ ಎದೆಯ ಮಟ್ಟಕ್ಕೂ ಇಳಿಯುತ್ತಿರಲಿಲ್ಲ. ಕುದುರೆ ದಿನದ ಹೆಚ್ಚಿನ ಹೊತ್ತು ತಲೆ ತಗ್ಗಿಸಿ ಮೇಯುವ ಪ್ರಾಣಿ. ತಲೆ ತಗ್ಗಿದಾಗಲೇ ಉಸಿರುನಾಳಕ್ಕೆ ಸೇರಿದ ಧೂಳು, ಲೋಳೆ ಕೆಳಗಿಳಿದು ಮೂಗಿನಿಂದ ಹೊರಬೀಳುತ್ತವೆ. ಗಂಟೆಗಟ್ಟಲೆ ತಲೆ ಎತ್ತಿಯೇ ಇದ್ದರೆ ಒಣಹುಲ್ಲಿನ ಧೂಳು, ರೋಗಾಣುಗಳು ಒಳಗೇ ಉಳಿದು ಶ್ವಾಸಕೋಶಕ್ಕೆ ಇಳಿಯುತ್ತವೆ. ದೂರ ಪ್ರಯಾಣ ಮಾಡಿದ ಕುದುರೆಗಳಿಗೆ ಜ್ವರ ಬರುವುದು ಹೀಗೆ. ನಾಲ್ಕೈದು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಹಗ್ಗ ಸಡಿಲಿಸಿ, ನೀರು ತೋರಿಸಿದ್ದರೆ ಸಾಕಿತ್ತು. ರಾತ್ರಿಯಿಡೀ ಲಾರಿ ನಿಂತೇ ಇತ್ತಲ್ಲ, ಆಗಲಾದರೂ ಹಗ್ಗ ಬಿಚ್ಚಲು ಯಾರಿಗೂ ತೋಚಲಿಲ್ಲ.

ಚಾಲಕನನ್ನು ನಾನು ದೂರುವುದಿಲ್ಲ. ಜೊತೆಗೆ ಬರಬೇಕಿದ್ದ ಅನುಭವಿ ಬಂದೇ ಇರಲಿಲ್ಲ. ಆ ಹುಡುಗ ಒಬ್ಬನೇ, ಕುದುರೆಯನ್ನು ಮುಟ್ಟಲೂ ಹೆದರುತ್ತಿದ್ದವನು, ತಪಾಸಣಾ ಠಾಣೆಯ ನಲ್ಲಿಯಿಂದ ಬಕೆಟ್ ತುಂಬಿ ಎರಡು ಬಾರಿ ಹಿಡಿದಿದ್ದಾನೆ. ಗೌರಿ ಮೂಸಿ ಬಿಟ್ಟಳಂತೆ. ಪರಿಚಯವಿಲ್ಲದ ನೀರನ್ನು ಎಷ್ಟೋ ಕುದುರೆಗಳು ಬಾಯಿಗೆ ಇಡುವುದಿಲ್ಲ. ಅದಕ್ಕೆಂದೇ ಅಣ್ಣ ಅವಳು ದಿನವೂ ಕುಡಿಯುವ ನೀರನ್ನು 20 ಲೀಟರಿನ ಎರಡು ಕ್ಯಾನುಗಳಲ್ಲಿ ತುಂಬಿ ಕೊಟ್ಟಿದ್ದರು. ಇನ್ನೊಂದು ಕುದುರೆಗೆ ಜಾಗ ಮಾಡಲು ಆ ಕ್ಯಾನುಗಳನ್ನು ನಿಮ್ಮವರು ಊಟಿಯಲ್ಲೇ ಇಳಿಸಿದ್ದಾರೆ. ಹಗ್ಗದ ಉದ್ದ, ನೀರಿನ ಹೊತ್ತು ಎಲ್ಲವನ್ನೂ ನಾನು ಕನ್ನಡ ಮತ್ತು ತಮಿಳಿನಲ್ಲಿ ಬರೆಸಿ ಕೊಟ್ಟ ಹಾಳೆ ನಿಮ್ಮ ರಸೀದಿಯ ಹಿಂದೆ ಪಿನ್ನು ಹೊಡೆದದ್ದು ಹಾಗೇ ಇತ್ತು. ಚಾಲಕ ಅದನ್ನು ಕಂಡೇ ಇರಲಿಲ್ಲ.

ಇಳಿದ ಕೂಡಲೇ ಕುತ್ತಿಗೆಯ ಚರ್ಮ ಚಿವುಟಿದೆ. ಮಡಿಕೆ ನಿಧಾನವಾಗಿ ಮರಳಿತು, ಮೈಯಲ್ಲಿ ನೀರಿಲ್ಲ ಎಂದು ತಿಳಿಯಿತು. ಮರುದಿನ ಬೆಳಿಗ್ಗೆ ಜ್ವರ 40.1 ಡಿಗ್ರಿ ಸೆಲ್ಸಿಯಸ್. ಆರೋಗ್ಯವಂತ ಕುದುರೆಗೆ 37.5ರಿಂದ 38.5 ಇರಬೇಕು. ದವಡೆಯ ಕೆಳಗೆ ನಾಡಿ ಹಿಡಿದರೆ ನಿಮಿಷಕ್ಕೆ 64. ಸುಮ್ಮನೆ ನಿಂತ ಕುದುರೆಯ ನಾಡಿ 44 ಮೀರಬಾರದು. ಹುರುಳಿ ಕಂಡರೆ ಬಾಗಿಲು ಒದೆಯುತ್ತಿದ್ದವಳು ಬೋಗುಣಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಕೆಮ್ಮು, ಮೂಗಿನಲ್ಲಿ ಕೀವು. ಪ್ರಮಾಣಪತ್ರವಿಲ್ಲದ ಕುದುರೆಯ ಪಕ್ಕದಲ್ಲಿ ಬಂದವಳಾದ್ದರಿಂದ ನಮ್ಮ ಉಳಿದ ಮೂರು ಕುದುರೆಗಳಿಂದಲೂ ಅವಳನ್ನು ದೂರ ಕಟ್ಟಬೇಕಾಯಿತು. ಕುದುರೆಯಿಂದ ಕುದುರೆಗೆ ಹರಡುವ ಗ್ಲಾಂಡರ್ಸ್‌ನಂಥ ರೋಗ ಮನುಷ್ಯರಿಗೂ ಅಂಟುತ್ತದೆ. ಗೌರಿಯನ್ನು ನೋಡಿಕೊಳ್ಳುವ ಹುಡುಗರಿಗೆ ನಾನು ಏನೆಂದು ಧೈರ್ಯ ಹೇಳಲಿ?

1978ರ ಪ್ರಾಣಿ ಸಾಗಣೆ ನಿಯಮಗಳು ಕುದುರೆಗೆ ಆರೋಗ್ಯ ಪ್ರಮಾಣಪತ್ರ, ದಾರಿಗೆ ಮೇವು ನೀರು, ಎರಡು ಕುದುರೆಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರಿನ ಗಳು ಇರಬೇಕೆನ್ನುತ್ತವೆ. ನಿಮ್ಮ ಲಾರಿಯಲ್ಲಿ ನಡುವೆ ಇದ್ದದ್ದು ಒಂದು ನೈಲಾನ್ ಹಗ್ಗ.

ಸಾಗಣೆಗೆ ಕೊಟ್ಟ ₹26,000 ಮತ್ತು ಈವರೆಗಿನ ಚಿಕಿತ್ಸೆಯ ₹38,400 ಹಿಂದಿರುಗಿಸಬೇಕು. ವೈದ್ಯರ ಚೀಟಿಗಳು, ರಸೀದಿಗಳು, ಲಾರಿಯೊಳಗಿನ ಹಗ್ಗದ ಚಿತ್ರಗಳು ಲಗತ್ತಿಸಿವೆ. ಇನ್ನೊಂದು ಕುದುರೆ ಎಲ್ಲಿಗೆ ಹೋಯಿತು, ಅದರ ಆರೋಗ್ಯ ಹೇಗಿದೆ ಎನ್ನುವುದನ್ನು ಹಣದ ಲೆಕ್ಕಕ್ಕೆ ಕಾಯದೆ ಇಂದೇ ತಿಳಿಸಿ. ನಮ್ಮ ವೈದ್ಯರು ಅದನ್ನೇ ಕೇಳುತ್ತಿದ್ದಾರೆ. ಮುಂದೆ ಈ ದಾರಿಯಲ್ಲಿ ಕುದುರೆ ಹತ್ತಿಸಿದ ಲಾರಿ ಮಧ್ಯಾಹ್ನ ಎರಡರ ನಂತರ ಊಟಿ ಬಿಡುವುದಿಲ್ಲ ಎಂದು ಲಿಖಿತವಾಗಿ ಕೊಡಿ. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಆ ಎರಡು ನೀರಿನ ಕ್ಯಾನುಗಳು ನಿಮ್ಮ ಊಟಿಯ ಗೋದಾಮಿನಲ್ಲೇ ಇವೆ. ಅವನ್ನು ಅಣ್ಣನ ಮನೆಗೆ ತಲುಪಿಸಿ.

ಇತಿ,
ಗೌರಿಯ ಮಾಲೀಕಳು
ಚಾಮುಂಡಿ ಬೆಟ್ಟದ ತಪ್ಪಲು, ಮೈಸೂರು