ಮೊಟ್ಟೆಯ ಲೆಕ್ಕದ ಜತೆ ಮರಿಯ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಸಮುದ್ರ ಮೀನುಗಳ ಕೃತಕ ಸಂತಾನೋತ್ಪತ್ತಿಯ ಬಗ್ಗೆ ಪತ್ರಿಕೆಗಳಲ್ಲಿ ವರದಿ ಬಂದಾಗಲೆಲ್ಲ ತಪ್ಪದೆ ಓದುತ್ತೇನೆ. ಅವುಗಳಲ್ಲಿ ಹೆಚ್ಚಿನವು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ತಾಯಿಮೀನಿಗೆ ಹಾರ್ಮೋನ್ ಚುಚ್ಚುಮದ್ದು ಕೊಟ್ಟರು, ಅದು ಲಕ್ಷಗಟ್ಟಲೆ ಮೊಟ್ಟೆ ಇಟ್ಟಿತು, ಪ್ರಯೋಗ ಯಶಸ್ವಿಯಾಯಿತು. ಏಷ್ಯನ್ ಸೀಬಾಸ್ ಮೀನಿನ ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಯಿಂದ ಮರಿ ಮಾಡುವ ಕೇಂದ್ರದಲ್ಲಿ, ಲಾರ್ವಾ (ಆಗಷ್ಟೇ ಹೊರಬಂದ ಎಳೆಮರಿ) ವಿಭಾಗ ನೋಡಿಕೊಳ್ಳುವವಳು ನಾನು. ವರದಿ ಮುಗಿಯುವ ಆ ಸಾಲಿನಿಂದಲೇ ನಮ್ಮ ಕೆಲಸ ಶುರುವಾಗುತ್ತದೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬ ಕೊರಗಿನಿಂದ ಈ ಪತ್ರ.

ತಾಯಿಮೀನು ಸಾಕುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ಸೀಬಾಸ್ ಮೊದಲು ಗಂಡಾಗಿ ಬಲಿತು, ಕೆಲವು ವರ್ಷಗಳ ನಂತರ ಹೆಣ್ಣಾಗಿ ಬದಲಾಗುವ ಮೀನು. ಹಾಗಾಗಿ ಮೊಟ್ಟೆ ಇಡುವ ಹೆಣ್ಣು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಆದರೆ ಒಮ್ಮೆ ಕೈಗೆ ಬಂದ ದೊಡ್ಡ ಹೆಣ್ಣು ಹತ್ತಾರು ಲಕ್ಷ ಮೊಟ್ಟೆ ಕೊಡುತ್ತದೆ. ಮೊಟ್ಟೆಗೆ ಬರ ಇರುವುದಿಲ್ಲ. ಬರ ಬೀಳುವುದು ಅದರ ಮುಂದಿನ ಮೂರು ನಾಲ್ಕು ವಾರಗಳಲ್ಲಿ.

28 ಡಿಗ್ರಿ ಆಸುಪಾಸಿನ ನೀರಿನಲ್ಲಿ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹೊರಬರುವ ಲಾರ್ವಾದ ಉದ್ದ ಎರಡು ಮಿಲಿಮೀಟರೂ ಇಲ್ಲ. ಎರಡು ದಿನ ತನ್ನದೇ ಹೊಟ್ಟೆಯ ಹಳದಿ ಚೀಲವನ್ನು ಕರಗಿಸಿಕೊಂಡು ಬದುಕುತ್ತದೆ. ಬಾಯಿ ಬಿಟ್ಟ ಮೇಲೆ, ಎದುರಿಗೆ ಚಲಿಸುವ ಮತ್ತು ಆ ಬಾಯಿಗೆ ಹಿಡಿಸುವಷ್ಟು ಸಣ್ಣ ಜೀವಿ ಸಿಗದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಒಣ ಆಹಾರದ ಪುಡಿಯೊಂದರಿಂದಲೇ ಅದನ್ನು ಬದುಕಿಸಲಾಗುವುದಿಲ್ಲ. ಆ ಜೀವಿಯೇ ರೋಟಿಫರ್. ಗಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಕಾಲು ಭಾಗ. ಮೀನು ಸಾಕುವವರು ಮೊದಲು ಅದನ್ನು ಸಾಕಬೇಕು, ಅದಕ್ಕಿಂತ ಮೊದಲು ಅದು ತಿನ್ನುವ ಪಾಚಿಯನ್ನು ಬೆಳೆಸಬೇಕು.

ಬೆಳಗ್ಗೆ ನಾವು ಮೊದಲು ಹೋಗುವುದು ಮೀನಿನ ತೊಟ್ಟಿಗಲ್ಲ, ರೋಟಿಫರ್ ತೊಟ್ಟಿಗೆ. ಪಿಪೆಟ್‌ನಲ್ಲಿ ಒಂದು ಮಿಲಿಲೀಟರ್ ನೀರು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸುತ್ತೇವೆ. ಎಷ್ಟಿವೆ ಎಂಬುದಷ್ಟೇ ಸಾಲದು, ಎಷ್ಟರ ಮೈಗೆ ಮೊಟ್ಟೆ ಅಂಟಿಕೊಂಡಿದೆ ಎಂದು ನೋಡಬೇಕು. ಸಂಖ್ಯೆ ತುಂಬಿ ತುಳುಕುತ್ತಿದ್ದರೂ ಮೊಟ್ಟೆ ಹೊತ್ತವು ಕಡಿಮೆಯಾಗಿದ್ದರೆ ಆ ತೊಟ್ಟಿ ಕುಸಿಯುವ ಹಾದಿಯಲ್ಲಿದೆ. ನೀರಿನ ಮೇಲಿನ ನೊರೆ ದಪ್ಪವಾಗುತ್ತದೆ, ವಾಸನೆ ಬದಲಾಗುತ್ತದೆ. ಇದನ್ನು ಹಿಂದಿನ ದಿನವೇ ಗುರುತಿಸುವ ಕಣ್ಣು ಇರುವವರು ಹ್ಯಾಚರಿಗೆ ಆಧಾರಸ್ತಂಭ. ತರಬೇತಿಯಲ್ಲಿ ಈ ಎಣಿಕೆಗೆ ಸಿಗುವ ಸಮಯ ಮಾತ್ರ ತೀರಾ ಅಲ್ಪ.

ರೋಟಿಫರ್ ಕೊಟ್ಟ ಮಾತ್ರಕ್ಕೂ ಆಗಲಿಲ್ಲ. ಬರೀ ಯೀಸ್ಟ್ ತಿಂದು ಬೆಳೆದ ರೋಟಿಫರ್‌ನಲ್ಲಿ ಡಿಎಚ್‌ಎಯಂಥ ಕೊಬ್ಬಿನಾಮ್ಲಗಳು ಇರುವುದೇ ಕಡಿಮೆ. ಸಮುದ್ರದ ಮರಿಗಳು ಅದನ್ನು ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರವು. ಆದ್ದರಿಂದ ಹೊಟ್ಟೆ ತುಂಬಿದ ಮರಿಗಳೂ ಸಾಲುಸಾಲಾಗಿ ಸಾಯುತ್ತವೆ. ಅದನ್ನು ತಪ್ಪಿಸಲು ರೋಟಿಫರ್‌ಗಳಿಗೆ ಮೀನೆಣ್ಣೆಯ ಮಿಶ್ರಣವನ್ನೋ ತಕ್ಕ ಪಾಚಿಯನ್ನೋ ಕೆಲವು ಗಂಟೆ ಉಣ್ಣಿಸಿ, ತೊಳೆದು, ತಡಮಾಡದೆ ಮರಿಗಳಿಗೆ ಹಾಕಬೇಕು. ಸರಿಯಾಗಿ ತೊಳೆಯದಿದ್ದರೆ ಆ ಎಣ್ಣೆಯೇ ಮರಿಗಳ ತೊಟ್ಟಿಯ ಮೇಲೆ ತೆಳುವಾದ ಪದರವಾಗಿ ಹರಡುತ್ತದೆ. ಮರಿಗಳು ಮೊದಲ ದಿನಗಳಲ್ಲಿ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಈಜುಚೀಲ ತುಂಬಿಸಿಕೊಳ್ಳುತ್ತವೆ. ಪದರ ಅಡ್ಡ ಬಂದರೆ ಚೀಲ ತುಂಬುವುದಿಲ್ಲ. ಅಂಥ ಮರಿ ತಕ್ಷಣ ಸಾಯದೆ ಉಳಿದರೂ ಬೆನ್ನುಮೂಳೆ ಬಾಗಿಕೊಂಡು ಬೆಳೆಯುತ್ತದೆ, ಸಾಕಿದವರಿಗೆ ನಷ್ಟವನ್ನೇ ತರುತ್ತದೆ.

ಮುಂದೆ ಮರಿಗಳಿಗೆ ಆರ್ಟೀಮಿಯಾ ಎಂಬ, ಸಿಗಡಿಯ ಜಾತಿಯ ಪುಟ್ಟ ಜೀವಿ, ಆಮೇಲೆ ಒಣ ಆಹಾರ. ಆ ಹೊತ್ತಿಗೆ ಸೀಬಾಸ್ ಮರಿಗಳು ಒಂದನ್ನೊಂದು ನುಂಗತೊಡಗುತ್ತವೆ. ತನ್ನ ಉದ್ದದ ಸುಮಾರು ಮೂರನೇ ಎರಡರಷ್ಟಿರುವ ಮರಿಯನ್ನೂ ಒಂದು ಸೀಬಾಸ್ ಬಾಯಿಗೆ ಹಾಕಿಕೊಳ್ಳುತ್ತದೆ. ಕೆಲವೇ ದಿನಗಳಿಗೊಮ್ಮೆ ಗಾತ್ರದ ಪ್ರಕಾರ ಬೇರ್ಪಡಿಸದೆ ಬೇರೆ ದಾರಿಯಿಲ್ಲ.

ಮೊಟ್ಟೆಯಿಂದ ಮೀನಿನವರೆಗಿನ ದೂರ ಎಷ್ಟೆಂಬುದಕ್ಕೆ ಜಪಾನಿನ ಕಿಂಡೈ ವಿಶ್ವವಿದ್ಯಾಲಯದ ಬ್ಲೂಫಿನ್ ಟ್ಯೂನಾ ಸಾಕ್ಷಿ. ಸಂಶೋಧನೆ ಶುರುವಾದದ್ದು 1970ರಲ್ಲಿ. ಸಾಕಿದ ಮೀನುಗಳು 1979ರಲ್ಲೇ ಮೊಟ್ಟೆ ಇಟ್ಟವು. ನಡುವೆ ಹಲವು ವರ್ಷ ಅವು ಮೊಟ್ಟೆಯನ್ನೇ ಇಡಲಿಲ್ಲ, ಇಟ್ಟಾಗ ಹುಟ್ಟಿದ ಮರಿಗಳು ತೊಟ್ಟಿಯ ಗೋಡೆಗೂ ಬಲೆಗೂ ಡಿಕ್ಕಿ ಹೊಡೆದು ಸತ್ತವು. ಹ್ಯಾಚರಿಯಲ್ಲಿ ಹುಟ್ಟಿ ಬೆಳೆದ ಮೀನುಗಳೇ ಮೊಟ್ಟೆ ಇಟ್ಟು ಚಕ್ರ ಪೂರ್ಣಗೊಂಡದ್ದು 2002ರಲ್ಲಿ. 1979ರ ಮೊಟ್ಟೆಯನ್ನೇ ಗೆಲುವೆಂದು ಘೋಷಿಸಿ ಅವರು ಸುಮ್ಮನಾಗಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಈ ಲೆಕ್ಕ ತಿಳಿಯದೆ ಸಾಲ ಮಾಡಿ, ನೀರಿನಲ್ಲಿ ಮೀನು ಸಾಕಲು ಬಲೆಯ ಪಂಜರ ಕಟ್ಟುವವರ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಲಕ್ಷಗಟ್ಟಲೆ ಮೊಟ್ಟೆ ಎಂದು ಓದಿದವರು ಮರಿ ಬೇಕಾದಾಗಲೆಲ್ಲ ಸಿಗುತ್ತದೆ ಎಂದುಕೊಳ್ಳುತ್ತಾರೆ. ಮರಿ ಸಿಕ್ಕರೂ ಅದರ ಗುಣಮಟ್ಟ ಕೇಳುವುದಿಲ್ಲ. ನೋಡಾ ವೈರಸ್ ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟಬಲ್ಲದು. ಸೋಂಕಿದ ಮರಿಗಳು ಸುರುಳಿ ಸುತ್ತುತ್ತ ಈಜಿ ಕೆಲವೇ ದಿನಗಳಲ್ಲಿ ತೊಟ್ಟಿಗೆ ತೊಟ್ಟಿಯನ್ನೇ ಖಾಲಿ ಮಾಡುತ್ತವೆ. ರೋಗ ಬಂದ ಮೇಲೆ ಗುಣಪಡಿಸುವ ಔಷಧವಿಲ್ಲ. ಹಾಗಾಗಿ ತಾಯಿಮೀನನ್ನು ಪಿಸಿಆರ್ ಪರೀಕ್ಷೆಗೆ ಒಳಪಡಿಸಿದ್ದೀರಾ ಎಂದು ಮರಿ ಕೊಳ್ಳುವವರು ಕೇಳಲೇಬೇಕು. ಮರಿಗಳು ಒಣ ಆಹಾರ ತಿನ್ನುವುದನ್ನು ಎದುರಿಗೇ ತೋರಿಸಿ ಎನ್ನಬೇಕು, ಬೆನ್ನು ಬಾಗಿದವು ಎಷ್ಟಿವೆ ಎಂದು ಕೈಬಲೆಯಲ್ಲಿ ಎತ್ತಿ ನೋಡಬೇಕು. ಒಳ್ಳೆಯ ಹ್ಯಾಚರಿಯವರು ಇದಕ್ಕೆ ಬೇಸರಿಸುವುದಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ವರದಿಗಳಲ್ಲಿ ಮೊಟ್ಟೆಯ ಸಂಖ್ಯೆಯ ಪಕ್ಕದಲ್ಲೇ, ಅವುಗಳಲ್ಲಿ ಎಷ್ಟು ಒಡೆದವು, ಪಂಜರಕ್ಕೆ ಬಿಡುವ ಗಾತ್ರ ಮುಟ್ಟಿದ ಮರಿಗಳೆಷ್ಟು ಎಂಬುದನ್ನೂ ಕೇಳಿ ಅಚ್ಚು ಹಾಕಿ. ವರದಿಗಾರರು ತಾಯಿಮೀನಿನ ತೊಟ್ಟಿಯ ಚಿತ್ರ ತೆಗೆದ ಮೇಲೆ ರೋಟಿಫರ್ ಕೋಣೆಗೂ ಬರಲಿ, ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತವರನ್ನೂ ಮಾತನಾಡಿಸಲಿ.

ಇಂತಿ,
ಹ್ಯಾಚರಿಯೊಂದರ ಲಾರ್ವಾ ವಿಭಾಗದ ಉದ್ಯೋಗಿ