ನಾಲ್ಕು ಮನೆಯ ಊರು

ಪುಟ್ಟಿ,

ಅಮೆರಿಕದ ಕ್ಯಾನ್ಸಸ್‌ನಿಂದ ನೀನು ಕಳಿಸಿದ ಫೋಟೋ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಜೋಳ. ಕೆಂಪು ತೆನೆ, ಸೊಂಟದೆತ್ತರದ ದಂಟು. ನಮ್ಮ ಬಿಳಿಜೋಳದ ಹೊಲ ಹೊಕ್ಕರೆ ಆಳೇ ಕಾಣಲ್ಲ, ಇದೇನು ಕುಳ್ಳ ಜೋಳ ಅಂತ ನಿಮ್ಮಮ್ಮ ನಕ್ಕಳು. ಅಲ್ಲಿ ಅದನ್ನು ಜಾಸ್ತಿ ದನಕ್ಕೇ ಹಾಕ್ತಾರಂತೆ. ರೊಟ್ಟಿ ಬಡಿಯೋರಿಲ್ಲ, ಪಾಪ!

ಆಮೇಲೆ ಬೋರ್ಡು ನೋಡಿದೆ: ನಿಕೋಡೆಮಸ್. ಕೆಳಗೆ ನೀನು ಬರೆದಿದ್ದೆ, 'ಇಲ್ಲಿ ಏನೂ ಇಲ್ಲಪ್ಪ, ನಾಲ್ಕು ಮನೆ.' ಯಾಕೋ ಮನಸ್ಸು ತಡೆಯಲಿಲ್ಲ. ಕೂತು ಓದಿದೆ.

1877ರಲ್ಲಿ ಕೆಂಟಕಿಯಿಂದ ಬಂದ ಕಪ್ಪು ಜನ ನೆಲೆಸಿದ ಊರಂತೆ ಅದು. ಗುಲಾಮಗಿರಿ ಹೋಗಿ ಹನ್ನೆರಡೇ ವರ್ಷ. ಸ್ವಂತ ಹೊಲದ ಆಸೆಗೆ ಹೊರಟವರು. ಎಲ್ಲಿಸ್ ಅನ್ನೋ ಊರಿನವರೆಗೆ ರೈಲು, ಅಲ್ಲಿಂದ 55 ಕಿ.ಮೀ. ಹತ್ತಿರ ನಡಿಗೆ. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಅನ್ನೋ ಹೆಣ್ಣುಮಗಳು 'ಊರೆಲ್ಲಿ, ಕಾಣ್ತಿಲ್ಲವಲ್ಲ' ಅಂದಳು. ಗಂಡ ಕೈ ತೋರಿಸಿದ. ಅಲ್ಲಲ್ಲಿ ನೆಲದಿಂದ ಹೊಗೆ ಏಳುತ್ತಿತ್ತು. ಅದೇ ಊರು! ಮರವಿಲ್ಲದ ಬಯಲು ನೋಡು, ನೆಲ ಅಗೆದು ಒಳಗೇ ಸಂಸಾರ ಹೂಡಿದ್ದರು. ಅವಳು ಅಳುತ್ತಾ ನಿಂತಳು. ನೀನು ಅಲ್ಲಿಗೆ ಹೋದ ಮೊದಲ ವಾರ ಫೋನಿನಲ್ಲಿ ಅತ್ತಿದ್ದು ನೆನಪಾಯಿತು. ಬೇಜಾರು ಮಾಡ್ಕೋಬೇಡ.

ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಹೊರಟಿದ್ದ ಓಸೇಜ್ ಅನ್ನೋ ಅಲ್ಲಿನ ಮೂಲನಿವಾಸಿ ಜನ ಮಾಂಸ ಹಂಚಿ ಉಳಿಸಿದರು ಅಂತ ಹೇಳುತ್ತಾರೆ. ನೇಗಿಲು, ಕುದುರೆ ಇದ್ದವರು ಕೆಲವೇ ಜನ. ಉಳಿದವರು ಸಲಿಕೆಯಲ್ಲೇ ಹೊಲ ಅಗೆದರು. ಎರೆಹೊಲ ಉತ್ತವನು ನಾನು, ಸಲಿಕೆಯಲ್ಲಿ ಒಂದು ಎಕರೆ ಅಂದರೆ ಏನು ಅಂತ ನನಗೆ ಗೊತ್ತು.

ಹತ್ತು ವರ್ಷದಲ್ಲಿ ಅಂಗಡಿ, ಹೋಟೆಲು, ಚರ್ಚು, ಪತ್ರಿಕೆ ಎಲ್ಲಾ ಬಂತು. ಇನ್ನು ರೈಲೊಂದು ಬರಬೇಕಿತ್ತು. ಬರಲಿ ಅಂತ ಊರಿನವರು ರೈಲು ಕಂಪನಿಗೆ ದುಡ್ಡು ಕೊಡೋಕೆ ಸಾಲಪತ್ರ ಹೊರಡಿಸಲೂ ಓಟು ಹಾಕಿದರು. 1888ರಲ್ಲಿ ಹಳಿ ಬಿದ್ದದ್ದು ಸಾಲೊಮನ್ ನದಿಯ ಆಚೆ ದಡದಲ್ಲಿ. ಅಂಗಡಿಯವರು ಹಳಿ ಇದ್ದ ಕಡೆ ಗಂಟುಮೂಟೆ ಕಟ್ಟಿದರು. ನಮ್ಮಲ್ಲಿ ಬೈಪಾಸ್ ಆದ ಮೇಲೆ ಹಳೇ ರಸ್ತೆಯ ಖಾನಾವಳಿಗಳ ಕಥೆ ನೋಡಿದ್ದೀಯಲ್ವಾ, ಅದೇ. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು. 1996ರಲ್ಲಿ ಸರ್ಕಾರ ಆ ಊರನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಮಾಡಿತು. ಆಗ ಉಳಿದಿದ್ದ ಹಳೇ ಕಟ್ಟಡ ಐದು.

ಆದರೆ ಪ್ರತಿ ವರ್ಷ ಜುಲೈ ಕೊನೆಯ ವಾರ ಅಲ್ಲಿ ಮೊದಲು ನೆಲೆಸಿದವರ ವಂಶದವರು ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ನಮ್ಮೂರ ಜಾತ್ರೆಗೆ ಪುಣೆ, ಮುಂಬೈಯಿಂದ ಬಸ್ಸು ಹತ್ತಿ ಬರ್ತಾರಲ್ಲ, ಹಾಗೆ. ರಜೆ ಸಿಕ್ಕರೆ ಹೋಗು. ಜೋಳ ಆಗ ಇನ್ನೂ ತೆನೆ ಬಿಟ್ಟಿರಲಿಕ್ಕಿಲ್ಲ, ಆದರೂ ಹೊಲದ ಪಕ್ಕ ನಿಂತು ಒಂದು ಫೋಟೋ ಕಳಿಸು. ದಂಟು ನಿನ್ನ ಎಲ್ಲಿಯವರೆಗೆ ಬರುತ್ತೆ ನೋಡಬೇಕು.

ನಿನ್ನ ಅಪ್ಪ